ಶನಿವಾರದ ಇಂಗ್ಲಿಷ್ ತರಗತಿಗೆ ಪಾಡ್‌ಕಾಸ್ಟ್

ಎಲ್ಲರಿಗೂ ನಮಸ್ಕಾರ. ಈ ಸಲ ಸ್ಪ್ಯಾನಿಷ್ ಮಾತಾಡುವವರ ತರಗತಿಗೆ ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಪಾಡ್‌ಕಾಸ್ಟ್ ಬಳಸೋಣ. ಪೂರ್ತಿ ಕಂತು ಬೇಡ, ಒಂದು ನಿಮಿಷದ ತುಣುಕು ಸಾಕು. ಮೊದಲು ಸುಮ್ನೆ ಕೇಳಿಸಿ. ಆಮೇಲೆ ಅದೇ ಮಾತಿನ ಪ್ರಿಂಟ್‌ನಲ್ಲಿ ಐ, ಹೀ, ಇಟ್ ಎಲ್ಲ ಅಳಿಸಿ ಕೊಡಿ. ಕೇಳುತ್ತಾ ತುಂಬಲಿ.

ಸ್ಪ್ಯಾನಿಷ್‌ನಲ್ಲಿ 'ಎಸ್ ಇಂಪೊರ್ತಾಂತೆ' ಅಂದರೆ ವಾಕ್ಯ ಮುಗಿಯಿತು, ಕರ್ತೃಪದ ಬೇಕಿಲ್ಲ. ಅದಕ್ಕೇ ಇಂಗ್ಲಿಷಿನಲ್ಲೂ 'ಇಟ್' ಬಿಟ್ಟು 'ಈಸ್ ಇಂಪಾರ್ಟೆಂಟ್' ಅಂತಾರೆ. (ನಾವೂ 'ಬಂದೆ' ಅಂತಷ್ಟೇ ಹೇಳ್ತೀವಿ, ಅಲ್ವಾ?) ವಯಸ್ಸು ಹೇಳುವಾಗ 'ಐ ಹ್ಯಾವ್ ಟ್ವೆಂಟಿ ಇಯರ್ಸ್' ಅನ್ನೋದೂ ಜಾಸ್ತಿ. ಅದಕ್ಕೆ ಹೊಂದುವ ತುಣುಕು ಸಿಕ್ಕರೆ ಇಲ್ಲಿ ಹಾಕಿ.

ನಿಯಮ ಹೇಳೋದು ಕೊನೆಗೆ, ಐದೇ ನಿಮಿಷ. ಬ್ಲೂಟೂತ್ ಸ್ಪೀಕರ್ ಯಾರು ತರ್ತೀರಿ?