ಪದ್ಯದ ಮಾತ್ರೆ ಎಣಿಸಲು ಕಲಿಸಿದ ಅಕ್ಕನಿಗೆ

ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುವಾಗ ನನ್ನ ಪದ್ಯಗಳನ್ನೆಲ್ಲ ಕೂತು ಓದಿದ ಸೀನಿಯರ್ ಅಕ್ಕ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ.

ಕ್ಲಾಸಿನಲ್ಲಿ ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಛಂದಸ್ಸು ಬರೀ ಲೆಕ್ಕವಾಗಿತ್ತು. ನೀವು ಕ್ಯಾಂಟೀನಿನ ಮೇಜಿನ ಮೇಲೆ ಬೆರಳು ತಟ್ಟುತ್ತಾ ಮೂರು-ನಾಲ್ಕು, ಮೂರು-ನಾಲ್ಕು ಅಂತ ಅದನ್ನು ಕೇಳಿಸಿದಿರಿ. ಸಾಲಿಗೆ 14 ಮಾತ್ರೆ, ಅಂದರೆ ಅಕ್ಷರ ಉಚ್ಚರಿಸುವ ಕಾಲದ 14 ಅಳತೆ; 3 ಮತ್ತು 6ನೇ ಸಾಲಿಗೆ ಮಾತ್ರ 23. ಆ ಉದ್ದ ಸಾಲಿನ ಕೊನೆಯ ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಬಂದಾಗ ನಿಮ್ಮ ಅಂಗೈ ಪೂರ್ತಿ ಮೇಜಿಗೆ ಬೀಳುತ್ತಿತ್ತು.

ನಾನು ಬರೆಯೋದು ಛಂದಸ್ಸಿಲ್ಲದ ಕವಿತೆ, ಇದೆಲ್ಲ ಯಾಕೆ ಅಂದಿದ್ದಕ್ಕೆ, “ಮೊದಲು ಕಿವಿ ಪಳಗಲಿ” ಅಂದಿರಿ. ಎಂಥ ಮಾತು ಅಲ್ವಾ! ಈಗಲೂ ಗಟ್ಟಿಯಾಗಿ ಓದಿ ನೋಡದೆ ಒಂದು ಸಾಲನ್ನೂ ಉಳಿಸಿಕೊಳ್ಳುವುದಿಲ್ಲ. ಹೊಸ ಪದ್ಯವೊಂದು ಮುಗಿದಿದೆ ಅಕ್ಕ, ನೀವೇ ಮೊದಲು ಓದಬೇಕು.