ಗಜನಿ ಕಟ್ಟೆಯ ಬಾಗಿಲು ಯಾರ ಕೈಯಲ್ಲಿರಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವರ್ಷ ಜೂನ್ 5ರ ಪರಿಸರ ದಿನದಂದು ಅಘನಾಶಿನಿ ಅಳಿವೆಯ ದಂಡೆಯಲ್ಲಿರುವ ನಮ್ಮೂರಿನ ಕೆಲವು ಹೆಂಗಸರು, ರೈತರು ಮತ್ತು ಕಾಲೇಜಿಗೆ ಹೋಗುವ ಮಕ್ಕಳು ಸೇರಿ, ಹವಾಮಾನ ಬದಲಾವಣೆಯ ವಿಷಯದಲ್ಲಿ ಊರಿನ ಮಟ್ಟದಲ್ಲಿ ಏನಾದರೂ ಮಾಡೋಣವೆಂದು ಒಂದು ಗುಂಪು ಕಟ್ಟಿಕೊಂಡೆವು. ಅದಕ್ಕೀಗ ವರ್ಷ ತುಂಬಿದೆ. ಈ ಒಂದು ವರ್ಷದ ಅನುಭವದಿಂದ ಹುಟ್ಟಿದ ಒಂದು ಬೇಡಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಮುಂದಿಡಬಯಸುತ್ತೇನೆ.

ಮೊದಲ ಮಳೆಗಾಲದಲ್ಲಿ ನಾವು ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟೆವು. ಮರದ ಮೇಲಿರುವಾಗಲೇ ಮೊಳೆತು ಕೋಲಿನಂತೆ ಜೋತುಬೀಳುವ ಕಾಯಿಗಳನ್ನು ಆರಿಸಿ ತಂದು, ಇಳಿತದ ಹೊತ್ತು ನೋಡಿ ಕೆಸರಿನಲ್ಲಿ ಸಾಲಾಗಿ ಊರಿದೆವು. ಫೋಟೊ ಚೆನ್ನಾಗಿಯೇ ಬಂತು. ದೀಪಾವಳಿಗೆ ಹೋಗಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಗಿಡಗಳು ಇರಲಿಲ್ಲ. ಕೆಸರಿನಲ್ಲಿ ಸಿಗುವ ಬಳಚು (ಚಿಪ್ಪುಜೀವಿ) ಹೆಕ್ಕಿ ಸಂಸಾರ ಸಾಗಿಸುವ ಹಿರಿಯ ಹೆಂಗಸೊಬ್ಬರು, ‘ಅಕ್ಕೋರೆ, ನೀವು ನೆಟ್ಟಿದ್ದು ನಾವು ಬಳಚು ತೆಗೆಯುವ ಜಾಗದಲ್ಲಿ. ಅಲ್ಲಿನ ಸೆಳೆತಕ್ಕೆ ಗಿಡ ನಿಲ್ಲುವುದಿಲ್ಲ. ನಿಂತಿದ್ದರೆ ನಮ್ಮ ಅನ್ನಕ್ಕೆ ಕಲ್ಲು ಬೀಳುತ್ತಿತ್ತು’ ಎಂದರು. ನೆಡುವ ಮೊದಲು ಅವರನ್ನು ಒಂದು ಮಾತು ಕೇಳಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೂ ಹೊಳೆದಿರಲಿಲ್ಲ.

ಆಮೇಲೆ ನಾವು ಗಜನಿಯ ಕಡೆ ತಿರುಗಿದೆವು. ಉಪ್ಪುನೀರು ನುಗ್ಗುವ ಈ ತಗ್ಗು ಗದ್ದೆಗಳಲ್ಲಿ ನಮ್ಮ ಹಿರಿಯರು ಬೆಳೆಯುತ್ತಿದ್ದದ್ದು ಕಗ್ಗ ಭತ್ತ. ಆಳೆತ್ತರ ಬೆಳೆಯುವ, ಉಪ್ಪನ್ನು ತಾಳುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ತಲೆಯೆತ್ತುವ ತಳಿ ಅದು. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದರೆ ಉಬ್ಬರದೊಂದಿಗೆ ಒಳಬರುವ ಶೆಟ್ಲಿ (ಸಿಗಡಿ), ಮೀನುಗಳಿಗೆ ಕೊಳೆತ ಕೂಳೆಯೇ ಮೇವು. ಗೊಬ್ಬರವಿಲ್ಲ, ಔಷಧವಿಲ್ಲ. ಮಾಣಿಕಟ್ಟಾದ ರೈತರು ಇದನ್ನು ಸಾಮೂಹಿಕವಾಗಿ ಮಾಡಿ ತೋರಿಸಿದ್ದಾರೆ. ಮಣ್ಣಿನ ಕಟ್ಟೆಯನ್ನು ಪ್ರತಿವರ್ಷ ರೈತರೇ ಕೂಡಿ ಕಟ್ಟುತ್ತಿದ್ದ ಕಾಲದಲ್ಲಿ ಬಾಗಿಲಿನ ಹಲಗೆಯನ್ನು ಯಾವ ತಿಥಿಯ ಉಬ್ಬರಕ್ಕೆ ಹಾಕಬೇಕು, ಯಾವ ಇಳಿತಕ್ಕೆ ತೆಗೆಯಬೇಕು ಎಂಬ ತೀರ್ಮಾನವೂ ಅವರದೇ ಆಗಿತ್ತು. ಸರ್ಕಾರದ ಶಾಶ್ವತ ಕಟ್ಟೆಗಳು ಬಂದವು, ಅವುಗಳ ಬೆನ್ನಿಗೆ ಸಿಗಡಿ ಕೃಷಿಯ ಗುತ್ತಿಗೆ ಬಂತು, ಬಾಗಿಲು ಗುತ್ತಿಗೆದಾರನ ಕೈ ಸೇರಿತು, ಕಗ್ಗ ಮೂಲೆಗೆ ಸರಿಯಿತು. ಸಿಗಡಿಗೆ ಬಿಳಿಚುಕ್ಕೆ ರೋಗ ತಗುಲಿ ಹಲವರು ಕೈಸುಟ್ಟುಕೊಂಡ ಮೇಲೂ ಬಾಗಿಲು ರೈತರ ಕೈಗೆ ಮರಳಲಿಲ್ಲ.

ನಾವು ಒಂದಿಷ್ಟು ಕಟ್ಟೆ ದುರಸ್ತಿ ಮಾಡಿ, ಒಪ್ಪಿದ ಕೆಲವರ ಗದ್ದೆಗಳಲ್ಲಿ ಈ ಸಲ ಕಗ್ಗ ಬಿತ್ತಿದ್ದೇವೆ. ಮೊನ್ನೆ ಮಳೆ ಜೋರಾದಾಗ ನೀರು ಹೊರಹೋಗಲು ಇಳಿತದಲ್ಲಿ ಬಾಗಿಲು ತೆರೆಯಬೇಕಿತ್ತು. ಪಕ್ಕದ ಹೊಂಡದ ಗುತ್ತಿಗೆದಾರರು ತಮ್ಮ ಮೀನು ಹೋದೀತೆಂದು ಎರಡು ದಿನ ತೆರೆಯಗೊಡಲಿಲ್ಲ. ಸಂಬಂಧಪಟ್ಟವರಿಗೆ ಕೊಟ್ಟ ಅರ್ಜಿಗೆ ಹಿಂಬರಹ ಬರುವಷ್ಟರಲ್ಲಿ ನೀರು ತಾನಾಗಿಯೇ ಇಳಿದಿತ್ತು. ಮೊಳಕೆ ಉಳಿದದ್ದು ಕಗ್ಗದ ಗಟ್ಟಿತನದಿಂದ; ಬೇರೆ ತಳಿಯಾಗಿದ್ದರೆ ಎಲ್ಲವೂ ಕೊಳೆತುಹೋಗುತ್ತಿತ್ತು.

ಇದು ಹವಾಮಾನದ ವಿಷಯವೇ ಎಂದು ಕೇಳುವವರಿದ್ದಾರೆ. 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್‌ನಷ್ಟು ಏರಿದೆ. ಸಮುದ್ರಕ್ಕೂ ಗದ್ದೆಗೂ ನಡುವೆ ಒಂದು ಕಟ್ಟೆ ಮತ್ತು ನಾಲ್ಕು ಹಲಗೆ ಮಾತ್ರ ಇರುವ ಊರಿಗೆ ಆ ಅಳತೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಗೆ ಎದುರು ನಿಲ್ಲುವುದು ಹೊಸದಲ್ಲ. 1983ರಲ್ಲಿ ಶಿರಸಿಯ ಸಲ್ಕಣಿ ಕಾಡಿನಲ್ಲಿ ಮರಗಳನ್ನು ಅಪ್ಪಿ ಉಳಿಸುವ ಅಪ್ಪಿಕೊ ಚಳವಳಿ ಹುಟ್ಟಿತು. ತದಡಿಗೆ ಬರಲಿದ್ದ 4000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಜನರ ವಿರೋಧದ ಮುಂದೆ ನಿಲ್ಲಲಿಲ್ಲ. ಅಘನಾಶಿನಿಯ ನೀರನ್ನು ಬಯಲುಸೀಮೆಗೆ ಒಯ್ಯುವ ಪ್ರಸ್ತಾಪದ ವಿರುದ್ಧದ ಹೋರಾಟದಲ್ಲಿ ನಾವೂ ಇದ್ದೇವೆ. ನದಿಯ ಸಿಹಿನೀರಿನ ಲೆಕ್ಕ ತಪ್ಪಿದರೆ ಅಳಿವೆಗೆ ಏನಾಗುತ್ತದೆ ಎಂಬುದಕ್ಕೆ, ವಿದ್ಯುದಾಗಾರದಿಂದ ವರ್ಷವಿಡೀ ಬಿಡುವ ನೀರಿನಿಂದಾಗಿ ಉಪ್ಪಿನಂಶ ಕುಗ್ಗಿ ಚಿಪ್ಪುಜೀವಿಗಳನ್ನು ಕಳೆದುಕೊಂಡ ಶರಾವತಿ ಅಳಿವೆಯೇ ಸಾಕ್ಷಿ. ಆದರೆ ಇಂಥ ಹೋರಾಟಕ್ಕೆ ಸೇರುವ ನೂರು ಜನರಲ್ಲಿ ಕಟ್ಟೆಗೆ ಮಣ್ಣು ಹೊರಲು ಹತ್ತು ಮಂದಿ ಬರುವುದೂ ಕಷ್ಟ. ಕೂಲಿ ಬಿಟ್ಟು ಬರಲಾಗದವರನ್ನು ದೂರುವುದು ನ್ಯಾಯವಲ್ಲವೆಂಬುದೂ ನನಗೆ ಗೊತ್ತಿದೆ.

ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷ. ಆ ಮನ್ನಣೆ ಗದ್ದೆಯವರೆಗೂ ಇಳಿಯಬೇಕಾದರೆ ಪ್ರತಿಯೊಂದು ಗಜನಿ ಬಾಗಿಲಿನ ಹೊಣೆಯನ್ನು ಆ ಗಜನಿಯ ರೈತರು, ಬಳಚು ತೆಗೆಯುವವರು ಮತ್ತು ಮೀನುಗಾರರು ಇರುವ ಸಮಿತಿಗೆ ಲಿಖಿತವಾಗಿ ವಹಿಸಬೇಕು. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಅದರ ದಾಖಲೆ ಇಡಬೇಕು. ಕಟ್ಟೆಯ ವಾರ್ಷಿಕ ದುರಸ್ತಿಗೆ ಉದ್ಯೋಗ ಖಾತ್ರಿಯಲ್ಲಿ ಕೂಲಿ ಸಿಗಬೇಕು. ಮೀನು ಹಿಡಿಯುವ ಗುತ್ತಿಗೆಯ ಕರಾರಿನಲ್ಲಿ, ಬಿತ್ತನೆಯಿಂದ ಕೊಯ್ಲಿನವರೆಗೆ ಬಾಗಿಲು ಗುತ್ತಿಗೆದಾರರ ವಶದಲ್ಲಿರುವುದಿಲ್ಲ ಎಂಬ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ. ಈ ಸಲದ ಕಗ್ಗದ ಕೊಯ್ಲು ಮುಗಿದು ಹೊಸ ಗುತ್ತಿಗೆಯ ಮಾತುಕತೆ ಶುರುವಾಗುವ ಮೊದಲೇ ಜಿಲ್ಲಾಡಳಿತ ಈ ಬಗ್ಗೆ ಒಂದು ಸಭೆ ಕರೆಯಲಿ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕುಮಟಾ ತಾಲ್ಲೂಕು