ಊರಿಗೆ ಪ್ಲಾನ್ ಇದ್ದರೆ ಸಾಲದು, ಕಟ್ಟಡಕ್ಕೆ ಓಸಿ ಬೇಕು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ಕುಂದಾಪುರದಿಂದ ನನ್ನ ಅಕ್ಕನ ಮಗನ ಫೋನ್ ಬಂತು. ಅವನಿಗೆ ನ್ಹಾವಾ ಶೇವಾ ಬಂದರಿನ ಕಡೆ ಕೆಲಸ ಸಿಕ್ಕಿದೆ. "ಚಿಕ್ಕಮ್ಮ, ಉಲ್ವೆಯಲ್ಲಿ ಒಂದು ಟೂ ಬಿಎಚ್‌ಕೆ ಇದೆಯಂತೆ. ಏರ್‌ಪೋರ್ಟ್ ಪಕ್ಕ. ಇವತ್ತು ಸಂಜೆಯೊಳಗೆ ಟೋಕನ್ ಕೊಟ್ಟರೆ ಹಳೇ ರೇಟಿಗೇ ಸಿಗುತ್ತದಂತೆ. ಕೊಟ್ಟುಬಿಡಲಾ?" ಅಂತ ಕೇಳಿದ. ಓಸಿ, ಅಂದರೆ ಕಟ್ಟಡದಲ್ಲಿ ಜನ ಇರಬಹುದು ಅಂತ ಕೊಡುವ ಪತ್ರ, ಬಂದಿದೆಯಾ ಅಂತ ಕೇಳಿದೆ. "ಅದೆಲ್ಲಾ ಯಾಕೆ ಚಿಕ್ಕಮ್ಮ, ನವಿ ಮುಂಬೈ ಪೂರ್ತಿ ಪ್ಲಾನ್ ಮಾಡಿದ ಊರು ಅಲ್ವಾ" ಅಂದ. ಅವನ ಆ ಒಂದು ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ನಾವೂ 2011ರಲ್ಲಿ ಹೀಗೇ ಅಂದುಕೊಂಡು ದುಡ್ಡು ಕೊಟ್ಟಿದ್ದೆವು.

ಮೊದಲೇ ಹೇಳುತ್ತೇನೆ, ಈ ಊರಿನ ಬಗ್ಗೆ ನನಗೆ ದೂರು ಇಲ್ಲ, ಪ್ರೀತಿಯೇ ಜಾಸ್ತಿ. ಮದುವೆಯಾಗಿ ಬಂದಾಗ ಚೆಂಬೂರಿನ ಒಂದು ಚಾಳ್‌ನಲ್ಲಿದ್ದೆವು. ಒಂದು ಕೋಣೆ, ಹೊರಗೆ ಐದು ಮನೆಗೆ ಒಂದು ನಲ್ಲಿ. ಅಲ್ಲಿಂದ ಖಾಡಿ (ಸಮುದ್ರದ ಹಿನ್ನೀರು) ದಾಟಿ ಈಚೆ ನವಿ ಮುಂಬೈಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಫುಟ್‌ಪಾತ್. ಇಬ್ಬರು ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ನಡೆಯುವಷ್ಟು ಅಗಲ. ಸೆಕ್ಟರ್ ಅಂದರೆ ಏನು ಅಂತ ಆಮೇಲೆ ಅರ್ಥವಾಯಿತು. ಶಾಲೆ, ತರಕಾರಿ ಮಾರ್ಕೆಟ್, ಮಕ್ಕಳ ಮೈದಾನ ಎಲ್ಲಾ ನಡೆದು ಹೋಗುವಷ್ಟು ಹತ್ತಿರ ಇರಬೇಕು ಅಂತಲೇ ಗೆರೆ ಎಳೆದದ್ದು. ಊರಿಗೆ ಹೋಗಬೇಕಾದರೆ ಕುರ್ಲಾಕ್ಕೆ ಓಡಬೇಕಿಲ್ಲ, ಪನ್ವೇಲ್‌ನಲ್ಲೇ ಮತ್ಸ್ಯಗಂಧ ರೈಲು ಹತ್ತಬಹುದು. ನಮ್ಮ ಕರಾವಳಿಯವರು ಇಲ್ಲಿ ಇಷ್ಟೊಂದು ಮಂದಿ ಮನೆ ಮಾಡಿದ್ದಕ್ಕೆ ಅದೂ ಒಂದು ಕಾರಣ.

ಈ ಊರು ಸುಮ್ನೆ ಬೆಳೆದದ್ದಲ್ಲ. ಮುಂಬೈ ಉದ್ದಕ್ಕೆ ಉತ್ತರಕ್ಕೇ ಬೆಳೆಯುತ್ತಾ ಹೋದರೆ ಉಸಿರು ಕಟ್ಟುತ್ತದೆ, ಖಾಡಿಯ ಆಚೆ ಇನ್ನೊಂದು ನಗರ ಕಟ್ಟಿ ಅಂತ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರೂ 1960ರ ದಶಕದಲ್ಲೇ ಹೇಳಿದ್ದರು. 1970ರಲ್ಲಿ ಈ ಊರು ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಹುಟ್ಟಿತು. ಒಟ್ಟು 344 ಚದರ ಕಿಲೋಮೀಟರ್, 95 ಹಳ್ಳಿಗಳ ನೆಲ. ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ. ಅಂದರೆ ನಕ್ಷೆ ಬರೆದು ಇಪ್ಪತ್ತು ವರ್ಷದ ಮೇಲೆ. ಈ ಇಪ್ಪತ್ತು ವರ್ಷದ ಲೆಕ್ಕ ಮನೆ ಕೊಳ್ಳುವವರು ತಲೆಯಲ್ಲಿಟ್ಟುಕೊಳ್ಳಬೇಕು. ಪ್ಲಾನ್‌ನಲ್ಲಿ ಗೆರೆ ಇದ್ದ ಮಾತ್ರಕ್ಕೆ ರೈಲು ನಾಳೆಯೇ ಬರುವುದಿಲ್ಲ. ಬೇಲಾಪುರದಿಂದ ಪೆಂಧರ್‌ಗೆ ಹೋಗುವ ಮೆಟ್ರೋ ಶುರುವಾದದ್ದು 2023ರ ನವೆಂಬರ್‌ನಲ್ಲಿ. ಅದು ಬರುತ್ತದೆ, ಇನ್ನೇನು ಬಂತು ಅಂತ ಎಷ್ಟೋ ವರ್ಷದಿಂದ ಖಾರ್‌ಘರ್‌ನಲ್ಲಿ ಮನೆ ಮಾರುತ್ತಲೇ ಇದ್ದರು.

ಈಗ ನಮ್ಮ ಮನೆಯ ಕಥೆ. ಬಿಲ್ಡರ್ ಹೆಸರು ಬೇಡ, ನೋಡ್‌ನ (ಇಲ್ಲಿ ಬಡಾವಣೆಗೆ ಹಾಗೆನ್ನುತ್ತಾರೆ) ಹೆಸರೂ ಬೇಡ. 2013ರಲ್ಲಿ ಕೀಲಿ ಕೊಟ್ಟರು. ಹಾಲು ಉಕ್ಕಿಸಿ, ಗಣಹೋಮ ಮಾಡಿಸಿ ಒಳಗೆ ಬಂದೆವು. ಕೈಗೆ ಕೊಟ್ಟ ಪತ್ರದಲ್ಲಿ 'ಫಿಟ್‌ಔಟ್ ಪೊಸೆಷನ್' ಅಂತ ಇತ್ತು. ಒಳಗಿನ ಮರದ ಕೆಲಸ, ಪೇಂಟ್ ಕೆಲಸ ಮಾಡಿಸಿಕೊಳ್ಳಲು ಮಾತ್ರ ಕೀಲಿ ಕೊಟ್ಟಿದ್ದೇವೆ ಅಂತ ಅದರ ಅರ್ಥ. ವಾಸಕ್ಕೆ ಅಲ್ಲ. ನಮಗೆ ಅದು ಗೊತ್ತಿರಲಿಲ್ಲ, ಬಾಡಿಗೆ ಮನೆ ಬಿಟ್ಟು ಬಂದಾಗಿತ್ತು. ಕಟ್ಟಡ ಮಂಜೂರಾದ ನಕ್ಷೆಯ ಪ್ರಕಾರವೇ ಮುಗಿದಿದೆ, ಇನ್ನು ಜನ ಇರಬಹುದು ಅಂತ ಪ್ರಾಧಿಕಾರ ಕೊಡುವ ಪತ್ರವೇ ಓಸಿ. ಅದು ಬಂದಿರಲಿಲ್ಲ. ಕೆಳಗೆ ಪಾರ್ಕಿಂಗ್ ಇರಬೇಕಾದ ಜಾಗದಲ್ಲಿ ಗೋಡೆ ಎತ್ತಿ ಎರಡು ಅಂಗಡಿ ಮಾಡಿದ್ದರು. ಅದು ನಕ್ಷೆಯಲ್ಲಿ ಇಲ್ಲ. ಓಸಿ ನಿಂತಿತು. ಓಸಿ ಇಲ್ಲದ್ದಕ್ಕೆ ಖಾಯಂ ನೀರಿನ ಕನೆಕ್ಷನ್ ಇಲ್ಲ. ಕನೆಕ್ಷನ್ ಇಲ್ಲದ್ದಕ್ಕೆ ಟ್ಯಾಂಕರ್.

ನಾನು ಆಗ ಕಟ್ಟಡದ ಖಜಾಂಚಿಯಾಗಿದ್ದೆ. ಆ ಟ್ಯಾಂಕರ್ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಎಲ್‌ಐಸಿಯವರು ಕೊಟ್ಟ ಹಳೇ ಡೈರಿ. ಎಡಗಡೆ ತಾರೀಕು, ನಡುವೆ ಗಾಡಿ ನಂಬರ್, ಬಲಗಡೆ ವಾಚ್‌ಮನ್‌ನ ಸಹಿ. ನೆಲದಡಿಯ ಟಾಕಿಗೆ ಇಳಿಸಿ ನೋಡಲು ಒಂದು ಬಿದಿರಿನ ಕೋಲು ಇತ್ತು, ಅದಕ್ಕೆ ನಾನೇ ಕೆಂಪು ನೈಲ್‌ಪಾಲಿಶ್‌ನಿಂದ ಗೆರೆ ಹಾಕಿದ್ದೆ. ಕೆಳಗಿನ ಗೆರೆಗೆ ನೀರು ಮುಟ್ಟಿದರೆ ಫೋನ್ ಮಾಡಬೇಕು. ಬೆಳಿಗ್ಗೆ ಐದೂವರೆಗೆ ಎದ್ದು ಕೋಲು ಇಳಿಸುವುದು, ಆಮೇಲೆ ಟೀ. ಮೇ ತಿಂಗಳಲ್ಲಿ ಒಂದೊಂದು ದಿನ ಮೂರು ಟ್ಯಾಂಕರ್. ಎರಡು ಟ್ಯಾಂಕರ್‌ಗೆ ಸಹಿ ಹಾಕಿ ಮೂರಕ್ಕೆ ಬಿಲ್ ಬಂದದ್ದೂ ಇದೆ. ತಿಂಗಳ ಮೆಂಟೆನೆನ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿಗೇ ಹೋಗುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದರು, ನಮ್ಮ ಬೈಂದೂರು ಕಡೆಯವರೇ. ಊರಲ್ಲಿ ಬಾವಿಯಿಂದ ಸೇದಿ ಸೇದಿ ಎರೆದುಕೊಂಡವರು. ಇಲ್ಲಿ ಒಂದು ಬಕೆಟ್‌ನಲ್ಲಿ ಸ್ನಾನ, ಅದೇ ನೀರನ್ನು ಹಿಡಿದಿಟ್ಟು ತುಳಸಿಗೆ ಹಾಕುವುದೋ ಬೇಡವೋ ಅಂತ ನನ್ನನ್ನು ಕೇಳಿದ್ದರು. ಏನು ಹೇಳಲಿ ನಾನು? ಕಣ್ಣಲ್ಲಿ ನೀರು ಬಂತು. ಓಸಿ ಬಂದದ್ದು 2017ರ ಕೊನೆಗೆ. ಅಂಗಡಿಯ ಗೋಡೆ ಒಡೆದ ಮೇಲೆ. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ.

ಹಾಗಾಗಿ ಮನೆ ನೋಡುವ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಊರಿನ ಪ್ಲಾನ್ ಬೇರೆ, ನಿಮ್ಮ ಕಟ್ಟಡದ ಕಾಗದ ಬೇರೆ. ಒಂದು ಚೆನ್ನಾಗಿದೆ ಅಂದ ಮಾತ್ರಕ್ಕೆ ಇನ್ನೊಂದು ಚೆನ್ನಾಗಿದೆ ಅಂತ ಅಲ್ಲ. ರಸ್ತೆ ಎಷ್ಟೇ ಅಗಲ ಇದ್ದರೂ ಪಕ್ಕದ ಕಟ್ಟಡ ನಕ್ಷೆ ಮೀರಿ ಎದ್ದಿರಬಹುದು. ಐರೋಲಿ ಪಕ್ಕದ ದಿಘಾದಲ್ಲಿ ನೂರರ ಹತ್ತಿರ ಅನಧಿಕೃತ ಕಟ್ಟಡಗಳ ಮೇಲೆ 2015ರಲ್ಲಿ ಹೈಕೋರ್ಟ್ ಕ್ರಮಕ್ಕೆ ಹೇಳಿದಾಗ ಬೀದಿಗೆ ಬಂದದ್ದು ಕಟ್ಟಿದವರಲ್ಲ, ಕೊಂಡವರು. ಅವರೂ ಇದೇ ಪ್ಲಾನ್ ಮಾಡಿದ ಊರಲ್ಲೇ ಇದ್ದವರು.

ಇನ್ನೊಂದು ವಿಷಯ, ನೆಲ ಯಾರದ್ದು? ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುವುದಿಲ್ಲ. ಊರಲ್ಲಿ ಜಾಗ ಕೊಂಡರೆ ಅದು ಪೂರ್ತಿ ನಮ್ಮದು. ಇಲ್ಲಿ ನೆಲ ಸಿಡ್ಕೋದ್ದು, ಬಿಲ್ಡರ್‌ಗೆ ಸಿಕ್ಕಿರುವುದು ಲೀಸ್, ಮೂಲದಲ್ಲಿ 60 ವರ್ಷದ್ದು. ಹಳೇ ಮನೆ ಕೊಳ್ಳುವಾಗ ಆ ಲೀಸ್ ಯಾವ ವರ್ಷ ಶುರುವಾಯಿತು ಅಂತ ನೋಡಬೇಕು. ಮನೆ ಕೈ ಬದಲಾಗುವಾಗ ಟ್ರಾನ್ಸ್‌ಫರ್ ಚಾರ್ಜ್ ಕಟ್ಟಬೇಕಾಗುತ್ತದೆ, ಅದನ್ನು ಯಾರು ಕಟ್ಟುವುದು ಅಂತ ಮೊದಲೇ ಬರೆಸಿಕೊಳ್ಳಬೇಕು. ಏಜೆಂಟರು ಇದನ್ನು ಕೊನೇ ದಿನ ಹೇಳುತ್ತಾರೆ.

ಹಾಗೇ ಪ್ಲಾಟ್ ಎಲ್ಲಿಂದ ಬಂತು ಅಂತಲೂ ಕೇಳಿ. ಕೆಲವು ಟೆಂಡರ್‌ನಲ್ಲಿ ಕೊಂಡದ್ದು, ಕೆಲವು 'ಸಾಡೇ ಬಾರಾ ಟಕ್ಕೆ' ಪ್ಲಾಟ್. ಈ ಹನ್ನೆರಡೂವರೆ ಪರ್ಸೆಂಟ್ ಹಿಂದೆ ದೊಡ್ಡ ನೋವಿನ ಕಥೆ ಇದೆ. ನಗರಕ್ಕೆ ಗದ್ದೆ, ಉಪ್ಪಿನ ಆಗರ ಬಿಟ್ಟುಕೊಟ್ಟ ಆಗರಿ ಜನ, ಮೀನುಗಾರ ಕೋಳಿ ಜನ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ಹೋರಾಟಕ್ಕೆ ಇಳಿದರು. 1984ರ ಜನವರಿಯಲ್ಲಿ ಜಾಸಯಿ ಕಡೆ ಗೋಲಿಬಾರ್ ಆಗಿ ಐದು ಮಂದಿ ಸತ್ತರು. ಕಳೆದುಕೊಂಡ ನೆಲದ ಹನ್ನೆರಡೂವರೆ ಪರ್ಸೆಂಟ್ ಭಾಗವನ್ನು ಅಭಿವೃದ್ಧಿಯಾದ ಪ್ಲಾಟ್ ರೂಪದಲ್ಲಿ ರೈತರಿಗೆ ವಾಪಸ್ ಕೊಡುವ ಯೋಜನೆ ಬಂದದ್ದು ಆ ಹೋರಾಟದಿಂದ. ನಮ್ಮ ಕೆಲಸಕ್ಕೆ ಬರುವ ಆಗರಿ ಹೆಂಗಸು ಒಮ್ಮೆ ನಮ್ಮ ಬಾಲ್ಕನಿಯಿಂದ ಕೈ ತೋರಿಸಿ, ಅಗೋ ಆ ಪಾರ್ಕ್ ಇದೆಯಲ್ಲ, ಅಲ್ಲಿ ನಮ್ಮ ಅಜ್ಜನ ಗದ್ದೆ ಇತ್ತು ಅಂದಳು. ಆವತ್ತಿನಿಂದ ಆ ಪಾರ್ಕ್‌ನಲ್ಲಿ ನಡೆಯುವಾಗ ನನಗೆ ಅದು ನೆನಪಾಗದೆ ಇರುವುದಿಲ್ಲ. ಅವರಿಗೆ ಸಿಕ್ಕ ಪ್ಲಾಟ್ ಮೇಲೆ ಕಟ್ಟಿದ ಮನೆ ಕೊಳ್ಳುವುದರಲ್ಲಿ ಏನೂ ತಪ್ಪಿಲ್ಲ. ಆದರೆ ವಾರಸುದಾರರು ಎಷ್ಟು ಮಂದಿ, ಎಲ್ಲರ ಸಹಿ ಆಗಿದೆಯಾ, ಕೋರ್ಟಿನಲ್ಲಿ ಏನಾದರೂ ನಡೆಯುತ್ತಿದೆಯಾ ಅಂತ ವಕೀಲರಿಂದ ನೋಡಿಸಿ. ವಕೀಲರು ಬಿಲ್ಡರ್ ಕಡೆಯವರು ಆಗಬಾರದು.

ಈಗಿನವರಿಗೆ ಒಂದು ಅನುಕೂಲ ಇದೆ, ನಮಗೆ ಇರಲಿಲ್ಲ. 2017ರ ಮೇ ತಿಂಗಳಿಂದ ರೇರಾ, ಅಂದರೆ ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಕಾನೂನು, ಬಂದಿದೆ. ಮಹಾರಾಷ್ಟ್ರದ ಮಹಾರೇರಾ ವೆಬ್‌ಸೈಟ್‌ನಲ್ಲಿ ಪ್ರಾಜೆಕ್ಟ್ ನಂಬರ್ ಹಾಕಿದರೆ ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನಾಂಕ, ಇರುವ ಕೇಸು ಎಲ್ಲಾ ನೋಡಬಹುದು. 2023ರ ಆಗಸ್ಟ್‌ನಿಂದ ಜಾಹೀರಾತಿನಲ್ಲೇ ಕ್ಯೂಆರ್ ಕೋಡ್ ಇರಬೇಕು. ಅಗ್ರಿಮೆಂಟ್ ರಿಜಿಸ್ಟರ್ ಆಗದೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ದುಡ್ಡು ಕೇಳುವ ಹಾಗಿಲ್ಲ. ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಬೆಂಗಳೂರಲ್ಲಿರುವ ನಮ್ಮ ನೆಂಟರಿಗೂ ಇದೇ ಮಾತು ಅನ್ವಯಿಸುತ್ತದೆ. ಓಸಿ ನೋಡಿದ ಮೇಲೇ ನೀರು, ಕರೆಂಟ್ ಕೊಡಬೇಕು, ಬ್ಯಾಂಕ್‌ನವರೂ ಓಸಿ ನೋಡಿಯೇ ಸಾಲ ಕೊಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿ ಮನೆ ಕಟ್ಟಿ ಕರೆಂಟಿಗಾಗಿ ಒದ್ದಾಡಿದವರನ್ನು ನಾನೇ ಬಲ್ಲೆ.

ಕಾಗದ ಅಲ್ಲದೆ ಕಾಲಿಗೂ ಸ್ವಲ್ಪ ಕೆಲಸ ಕೊಡಿ. ಏಜೆಂಟ್ ಕಾರಿನಲ್ಲಿ ಭಾನುವಾರ ಮಧ್ಯಾಹ್ನ ಕರೆದುಕೊಂಡು ಹೋಗುತ್ತಾನೆ, ಎಸಿ ಹಾಕಿದ ಸ್ಯಾಂಪಲ್ ಫ್ಲ್ಯಾಟ್ ತೋರಿಸುತ್ತಾನೆ. ನೀವು ಸೋಮವಾರ ಬೆಳಿಗ್ಗೆ ಎಂಟಕ್ಕೆ ಒಬ್ಬರೇ ಹೋಗಿ. ಉಲ್ವೆ ಆದರೆ ಖಾರ್‌ಕೋಪರ್ ಇಲ್ಲಾ ಬಾಮಣ್‌ಡೋಂಗ್ರಿ ಸ್ಟೇಷನ್‌ನಲ್ಲಿ ಇಳಿದು ಕಟ್ಟಡದವರೆಗೆ ನಡೆದು ನೋಡಿ. ರಿಕ್ಷಾ ಸಿಗುತ್ತದಾ ನೋಡಿ. ಆಗುವುದಾದರೆ ಜುಲೈ ಮಳೆಯಲ್ಲಿ ಇನ್ನೊಂದು ಸಲ ಹೋಗಿ, ಬೇಸ್‌ಮೆಂಟ್‌ನಲ್ಲಿ ನೀರು ನಿಂತಿದೆಯಾ ಗೊತ್ತಾಗುತ್ತದೆ. ಪಕ್ಕದ ಕಟ್ಟಡದ ವಾಚ್‌ಮನ್ ಹತ್ತಿರ ನೀರು ಎಷ್ಟು ಗಂಟೆಗೆ ಬರುತ್ತದೆ, ಟ್ಯಾಂಕರ್ ಬರುತ್ತದಾ ಅಂತ ಕೇಳಿ. ವಾಚ್‌ಮನ್ ಸುಳ್ಳು ಹೇಳುವುದಿಲ್ಲ, ಪೈಪ್ ಹಿಡಿಯುವುದು ಅವನೇ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ವಿಮಾನ ನಿಲ್ದಾಣ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಮುಂಬೈಗೆ ಸಮುದ್ರದ ಮೇಲೆ ಹೋಗುವ ಅಟಲ್ ಸೇತು ಅದಕ್ಕೂ ಮೊದಲೇ ಬಂದಿದೆ. ಪುಟ ಪುಟ ಮನೆಯ ಜಾಹೀರಾತು ಬರುತ್ತಿದೆ. ಪತ್ರಿಕೆ ನಡೆಯಲು ಅದು ಬೇಕು, ಗೊತ್ತಿದೆ. ಅದೇ ಪುಟದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಜಾಗ ಬಿಡಿ. ಓಸಿ ಅಂದರೆ ಏನು, ಫಿಟ್‌ಔಟ್ ಪೊಸೆಷನ್ ಅಂದರೆ ಏನು, ಲೀಸ್ ಎಷ್ಟು ವರ್ಷ ಉಳಿದಿದೆ ಅಂತ ಎಲ್ಲಿ ನೋಡುವುದು, ಇಷ್ಟನ್ನು ಕನ್ನಡದಲ್ಲಿ ಹಾಕಿ. ಇಲ್ಲಿ ಅಗ್ರಿಮೆಂಟ್ ಬರುವುದು ಇಂಗ್ಲಿಷ್‌ನಲ್ಲಿ ಅಥವಾ ಮರಾಠಿಯಲ್ಲಿ. ಹೋಟೆಲ್‌ನಲ್ಲಿ, ಕ್ಯಾಂಟೀನ್‌ನಲ್ಲಿ ದುಡಿದು ದುಡ್ಡು ಕೂಡಿಟ್ಟ ನಮ್ಮವರು ಎಷ್ಟೋ ಮಂದಿ ಓದಲಾಗದೆ ಸಹಿ ಹಾಕುತ್ತಾರೆ. ನಾವು ಕೊಂಡಾಗ ಆ ನಾಲ್ಕು ಸಾಲು ಕಣ್ಣಿಗೆ ಬಿದ್ದಿದ್ದರೆ ನಾಲ್ಕು ವರ್ಷ ಟಾಕಿಗೆ ಕೋಲು ಇಳಿಸುವುದು ತಪ್ಪುತ್ತಿತ್ತು.

ಅಕ್ಕನ ಮಗ ಇನ್ನೂ ಟೋಕನ್ ಕೊಟ್ಟಿಲ್ಲ. ಓಸಿ ಕಾಪಿ ಕೇಳಿದ್ದಕ್ಕೆ ಏಜೆಂಟ್ "ಅಪ್ಲೈ ಮಾಡಿದ್ದೇವೆ, ಬಂದೇ ಬಿಡುತ್ತದೆ" ಅಂದನಂತೆ. ಬರುವ ಶನಿವಾರ ಮತ್ಸ್ಯಗಂಧದಲ್ಲಿ ಬರುತ್ತಿದ್ದಾನೆ. ಸೋಮವಾರ ಬೆಳಿಗ್ಗೆ ಇಬ್ಬರೂ ಹೋಗಿ ಆ ವಾಚ್‌ಮನ್ ಹತ್ತಿರ ಮಾತಾಡಿ ಬರುತ್ತೇವೆ.

– ನಿಮ್ಮ ಓದುಗರಲ್ಲಿ ಒಬ್ಬಳು, ನವಿ ಮುಂಬೈ